ಡಿಕ್ಕಿಯಲ್ಲಿ ಉಳಿದ ಕತ್ತಿ: ಇಂಗ್ಲೆಂಡಿನ ಕಾನೂನು ಎತ್ತ ಸಾಗುತ್ತಿದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ರೆಡಿಂಗ್‌ನಲ್ಲಿದ್ದೇವೆ. ಅಲಾಟ್‌ಮೆಂಟ್ ತೋಟಕ್ಕೆಂದು (ತರಕಾರಿ ಬೆಳೆಯಲು ಬಾಡಿಗೆಗೆ ಪಡೆದ ತುಂಡು ಜಾಗ) ಊರಿಂದ ತಂದ ಕತ್ತಿ ನಮ್ಮ ಯಜಮಾನರ ಕಾರಿನ ಡಿಕ್ಕಿಯಲ್ಲೇ ಇರುತ್ತದೆ. ಮೊನ್ನೆ ಸ್ನೇಹಿತರೊಬ್ಬರು ಅದನ್ನು ನೋಡಿ ಗಾಬರಿಯಾದರು. 16 ವರ್ಷದ ಮಗ ಬೇರೆ, ಕ್ಯಾಂಪಿಗೆ ಮಡಚುವ ಚಾಕು ಬೇಕು, ನಿಮ್ಮ ಹೆಸರಲ್ಲೇ ತರಿಸಿ ಎಂದು ಹಟ ಹಿಡಿದಿದ್ದಾನೆ. ಕಾನೂನು ಇನ್ನೂ ಬಿಗಿಯಾಗುತ್ತದಂತೆ, ಹೌದಾ?

ಉತ್ತರ (ಸಾಲಿಸಿಟರ್): ಮೊದಲು ಆ ಕತ್ತಿಯನ್ನು ಇವತ್ತೇ ಡಿಕ್ಕಿಯಿಂದ ತೆಗೆಸಿ. ರಸ್ತೆಯಲ್ಲಿರುವ ಕಾರು ಸಾರ್ವಜನಿಕ ಜಾಗದಲ್ಲಿದ್ದ ಹಾಗೇ. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಅಲಗಿರುವ ವಸ್ತು ಇಟ್ಟುಕೊಂಡವರು ಅದಕ್ಕೆ ಸರಿಯಾದ ಕಾರಣವನ್ನು ತಾವೇ ತೋರಿಸಬೇಕು. ಶಿಕ್ಷೆ ನಾಲ್ಕು ವರ್ಷದವರೆಗೂ ಇದೆ. ಭಾನುವಾರ ತೋಟಕ್ಕೆ ಹೋಗುವಾಗ ಕತ್ತಿಗೆ ಕಾರಣವಿದೆ. ಬುಧವಾರ ಆಫೀಸಿನ ಪಾರ್ಕಿಂಗ್‌ನಲ್ಲಿ ಇಲ್ಲ. ಕತ್ತಿ ಅದೇ, ಕೈಯೂ ಅದೇ. ‘ತೆಗೆದಿಡೋದು ಮರೆತುಹೋಯ್ತು’ ಎಂಬುದೊಂದನ್ನೇ ಕೋರ್ಟು ಒಪ್ಪುವುದಿಲ್ಲ. ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಈ ಒಂದೇ ಮಾತು ಹಿಡಿದು ನಿಂತ ದುಡಿಯುವ ಗಂಡಸರ ಪಕ್ಕದಲ್ಲಿ ನಾನು ಕೂತಿದ್ದೇನೆ. ಆ ಹೊತ್ತಿನ ಅವರ ಮುಖ ನಿಮ್ಮ ಮನೆಯವರಿಗೆ ಬರಬಾರದು.

ಇನ್ನು ಮಗನ ಚಾಕು. ಅಲಗು ಮೂರಿಂಚು ಮೀರದ, ಮಡಚುವ, ಲಾಕ್ ಇಲ್ಲದ ಚಾಕುವಿಗೆ ಈ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ. ಬಿಚ್ಚಿದಾಗ ‘ಟಕ್’ ಎಂದು ಬಿಗಿದುಕೊಂಡು, ಗುಂಡಿ ಒತ್ತದೆ ಮಡಚಿಕೊಳ್ಳದ ಚಾಕು ಎಷ್ಟೇ ಚಿಕ್ಕದಿರಲಿ, ಆ ವಿನಾಯಿತಿಗೆ ಸೇರದು. ಅಂಗಡಿಗೆ ನೀವೇ ಹೋಗಿ, ಬಿಚ್ಚಿ ಮಡಚಿ ನೋಡಿ ತನ್ನಿ. ಕ್ಯಾಂಪಿನಲ್ಲಿ ಮೇಲ್ವಿಚಾರಕರ ಕೈಗೆ ಕೊಡಲಿ. ನಿಮ್ಮ ಗುರುತಿನ ಚೀಟಿ ಮಾತ್ರ ಅವನ ಕೈಗೆ ಕೊಡಬೇಡಿ.

ಯಾಕೆಂದರೆ ಕಾನೂನು ಈಗ ಸಾಗುತ್ತಿರುವುದೇ ಆ ಕಡೆಗೆ. 2022ರ ಜೂನ್‌ನಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ 16 ವರ್ಷದ ರೋನನ್ ಕಾಂಡಾ ಎಂಬ ಹುಡುಗನನ್ನು ಬೇರೆ ಯಾರೋ ಎಂದು ತಪ್ಪು ತಿಳಿದು ಕೊಂದರು. ಕೊಲ್ಲಲು ಬಳಸಿದ ಕತ್ತಿ ಆನ್‌ಲೈನ್‌ನಲ್ಲಿ ಖರೀದಿಸಿದ್ದು, ಖರೀದಿಸಿದ ಹುಡುಗ ಬಳಸಿದ್ದು ತನ್ನ ತಾಯಿಯ ಗುರುತಿನ ಚೀಟಿ. ರೋನನ್‌ನ ತಾಯಿ ಪೂಜಾ ಕಾಂಡಾ ಅಂದಿನಿಂದ ಹೋರಾಡುತ್ತಲೇ ಬಂದಿದ್ದಾರೆ. ‘ಝಾಂಬಿ’ ಮಾದರಿಯ ಕತ್ತಿಗಳು (ಗರಗಸದಂಥ ಹಲ್ಲುಗಳಿರುವ ಉದ್ದ ಚಾಕುಗಳು) 2024ರ ಸೆಪ್ಟೆಂಬರ್ 24ರಿಂದ, ‘ನಿಂಜಾ’ ಕತ್ತಿಗಳು (ನೇರ ಅಲಗಿನ ಖಡ್ಗಗಳು) 2025ರ ಆಗಸ್ಟ್ 1ರಿಂದ ನಿಷಿದ್ಧ. ಇವನ್ನು ಮನೆಯೊಳಗೆ ಇಟ್ಟುಕೊಂಡರೂ ಅಪರಾಧ. 2025ರ ಫೆಬ್ರುವರಿಯಲ್ಲಿ ಸರ್ಕಾರ ‘ರೋನನ್ ಕಾನೂನು’ ಎಂದು ಪ್ರಕಟಿಸಿದ ಕ್ರಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ: ಆನ್‌ಲೈನ್‌ನಲ್ಲಿ ಕೊಳ್ಳುವಾಗ ಒಮ್ಮೆ, ಪಾರ್ಸೆಲ್ ಮನೆಬಾಗಿಲಿಗೆ ಬಂದಾಗ ಇನ್ನೊಮ್ಮೆ ಗುರುತು ತೋರಿಸಬೇಕು, ರಾಶಿ ರಾಶಿ ಕೊಳ್ಳುವವರ ಬಗ್ಗೆ ಮಾರುವವರು ಪೊಲೀಸರಿಗೆ ತಿಳಿಸಬೇಕು, 18 ತುಂಬದವರಿಗೆ ಮಾರಿದರೆ ಎರಡು ವರ್ಷದವರೆಗೆ ಜೈಲು. ಇದು ಬೇಕಾಗಿತ್ತು ಎನ್ನುವವಳು ನಾನು. ಹುಡುಗರ ಜೇಬು ತಡಕುವ ಮೊದಲು ಮಾರಿದವರನ್ನು ಕೇಳಬೇಕು.

ಅಡುಗೆ ಚಾಕುವಿಗೆ ಚೂಪು ಮೊನೆಯೇ ಬೇಡ ಎಂಬ ಮಾತೂ ಇಲ್ಲಿ ಎದ್ದಿದೆ. ನಟ ಇದ್ರಿಸ್ ಎಲ್ಬಾ ಅದರ ಪರ ಮಾತಾಡಿದ್ದಾರೆ. ಅಲಗು ಮಣೆಗೆ ಕಚ್ಚಿಕೊಂಡು ಕೂತಿರುವ ಈಳಿಗೆಮಣೆಯಲ್ಲಿ ನಮ್ಮಮ್ಮ ಮನೆ ತುಂಬಾ ಜನಕ್ಕೆ ತರಕಾರಿ ಹೆಚ್ಚಿದ್ದನ್ನು ಕಂಡ ನನಗೆ ಅದು ಆಗದ ಮಾತು ಅನ್ನಿಸುವುದಿಲ್ಲ.

ಇನ್ನೊಬ್ಬರು: ಅಕ್ಕ, ನಾವು ಕೊಡಗಿನವರು. ತಮ್ಮನ ಮದುವೆ ಇಲ್ಲೇ. ಕುಪ್ಯ ಚೇಲೆ (ನಮ್ಮ ಉದ್ದ ಕೋಟು, ನಡುಪಟ್ಟಿ) ಉಟ್ಟು ಪೀಚೆಕತ್ತಿ (ಸೊಂಟದ ಕಠಾರಿ) ಸಿಕ್ಕಿಸಿಕೊಳ್ಳಬಹುದಾ? ಬಾಳೆ ಕಡಿಯಲು ಅಗಲ ಅಲಗಿನ ಒಡಿಕತ್ತಿಯೂ ಬೇಕು.

ಉತ್ತರ: ಪೀಚೆಕತ್ತಿ ಧರಿಸಬಹುದು ಎಂದೇ ನನ್ನ ಅಭಿಪ್ರಾಯ. ಕೆಲಸ, ಧರ್ಮ, ರಾಷ್ಟ್ರೀಯ ಉಡುಪು, ಈ ಮೂರನ್ನೂ 139ನೇ ಸೆಕ್ಷನ್ ಹೆಸರು ಹೇಳಿಯೇ ಕಾರಣವೆಂದು ಒಪ್ಪುತ್ತದೆ. ನಿಮ್ಮದು ಉಡುಪಿನ ಭಾಗ ಎಂದು ವಾದಿಸಲು ಗಟ್ಟಿ ನೆಲೆಯಿದೆ. ಒಡಿಕತ್ತಿ ತರುವ ಮುಂಚೆ ಅಲಗನ್ನು ಅಳೆಯಿರಿ. ಬಾಗಿದ ಅಲಗು 50 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಬಾಗಿದ ಖಡ್ಗಗಳ ಮೇಲಿನ 2008ರ ನಿಷೇಧ ಎದುರಾಗುತ್ತದೆ. ಸಾಂಪ್ರದಾಯಿಕವಾಗಿ ಕೈಯಿಂದ ಬಡಿದು ಮಾಡಿದ್ದಕ್ಕೆ ರಕ್ಷಣೆ ಉಂಟು, ಹಾಗಾಗಿ ಕಮ್ಮಾರರ ರಸೀದಿಯೋ ಪತ್ರವೋ ಇದ್ದರೆ ಜೋಪಾನವಾಗಿಡಿ. ಹಾಲ್‌ನವರಿಗೆ ಮೊದಲೇ ತಿಳಿಸಿ. ಬಟ್ಟೆಯಲ್ಲಿ ಸುತ್ತಿ, ಡಿಕ್ಕಿಯಲ್ಲಿಟ್ಟು, ಲಗ್ನಪತ್ರಿಕೆ ಜೊತೆಗಿಟ್ಟುಕೊಂಡು ನೇರ ಹಾಲ್‌ಗೆ ಹೋಗಿ. ರಾತ್ರಿಯೇ ಎರಡೂ ಮನೆ ಸೇರಲಿ. ಮರುದಿನದ ಓಡಾಟದಲ್ಲಿ ಸಿಕ್ಕರೆ ಆ ಪತ್ರಿಕೆ ನೆರವಿಗೆ ಬಾರದು.