ಅಪ್‌ಡೇಟ್: ಟಿವಿಯಲ್ಲಿ ಆಲ್ಬಮ್ ಚಿತ್ರ ಕೊನೆಗೂ ಬಂತು

ಕಳೆದ ಭಾನುವಾರ ಇಲ್ಲೇ ಕೇಳಿದ್ದೆ: ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನಲ್ಲಿ ಮಿನಿಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್ ಮೂಲಕ ಟಿವಿಗೆ ಹಾಡು ಕಳಿಸುವ ಸರ್ವರ್ ಸಾಫ್ಟ್‌ವೇರ್) ಹಾಕಿದ್ದೇನೆ, ಟಿವಿಯಲ್ಲಿ ಹಾಡು ಚೆನ್ನಾಗಿ ಬರುತ್ತದೆ, ಆದರೆ ಆಲ್ಬಮ್ ಚಿತ್ರದ ಜಾಗದಲ್ಲಿ ಬರೀ ಬೂದು ಚೌಕ. ಈಗ ಸರಿಯಾಗಿದೆ.

ಟಿವಿ, ರೂಟರ್ ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ಏನೂ ಆಗಲಿಲ್ಲ. ಇನ್ನೊಬ್ಬರು ಹೇಳಿದಂತೆ ಪ್ರತಿ ಹಾಡಿನೊಳಗೂ ಚಿತ್ರ ಸೇರಿಸಲು ಕೂತೆ. ನಲವತ್ತು ಹಾಡಿಗೇ ಸುಸ್ತಾಗಿ ಬಿಟ್ಟೆ.

ಕೆಲಸ ಮಾಡಿದ್ದು "ಫೈಲ್ ಹೆಸರು ನೋಡಿ" ಅಂದವರ ಸಲಹೆ. ಅಮ್ಮನ ಹಳೇ ಕ್ಯಾಸೆಟ್‌ಗಳ ಕವರನ್ನು ನಾನೇ ಸ್ಕ್ಯಾನ್ ಮಾಡಿ 'ಫ್ರಂಟ್ ಡಾಟ್ ಪಿಎನ್‌ಜಿ' ಅಂತ ಇಟ್ಟಿದ್ದೆ. ಸರ್ವರ್ ಹುಡುಕುವುದು 'ಕವರ್ ಡಾಟ್ ಜೆಪಿಜಿ', 'ಫೋಲ್ಡರ್ ಡಾಟ್ ಜೆಪಿಜಿ' ಥರದ ಹೆಸರುಗಳನ್ನು. ಈ ಹೆಸರುಗಳ ಪಟ್ಟಿ ಸರ್ವರಿನ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲೇ ಇದೆ, ನಾನು ನೋಡಿರಲೇ ಇಲ್ಲ! ಸುಮ್ನೆ ಹೆಸರು ಬದಲಿಸಿದರೆ ಸಾಲದು, ಚಿತ್ರವನ್ನು ನಿಜವಾಗಿ ಜೆಪೆಗ್ (ಜೆಪಿಜಿ) ಆಗಿ ಸೇವ್ ಮಾಡಬೇಕು. ಪೈನಲ್ಲಿರುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಫೈಲ್ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಅಲ್ವಾ, ಅದನ್ನೂ ನೋಡಿಕೊಳ್ಳಿ. ಆಮೇಲೆ ಸರ್ವರ್ ನಿಲ್ಲಿಸಿ, ಅದು ಹಾಡು, ಚಿತ್ರಗಳ ಪಟ್ಟಿ ಇಟ್ಟುಕೊಳ್ಳುವ ಡೇಟಾಬೇಸನ್ನು ಮೊದಲಿಂದ ಕಟ್ಟಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಕವರ್‌ಗಳು ಸಾಲಾಗಿ ನಿಂತಿದ್ದವು.

ನನಗೆ ಗೊತ್ತಿಲ್ಲದಿದ್ದ ಒಂದು ವಿಷಯ: ಡಿಎಲ್‌ಎನ್‌ಎ (ಮನೆಯ ಸಾಧನಗಳು ಹಾಡು, ಚಿತ್ರ ಹಂಚಿಕೊಳ್ಳುವ ಪದ್ಧತಿ) ಪ್ರಕಾರ ಥಂಬ್‌ನೇಲ್, ಅಂದರೆ ಪುಟ್ಟ ಚಿತ್ರದ ಅಳತೆ ಹೆಚ್ಚೆಂದರೆ 160×160 ಪಿಕ್ಸೆಲ್. ನಾನು 1200 ಪಿಕ್ಸೆಲ್‌ಗೆ ಸ್ಕ್ಯಾನ್ ಮಾಡಿದ್ದು ದಂಡ. ದೊಡ್ಡ ಪರದೆಯಲ್ಲಿ ಸ್ವಲ್ಪ ಮಸುಕು ಕಾಣುತ್ತದೆ. ಅಮ್ಮನಿಗೆ ಅದೆಲ್ಲ ಬೇಡ, ಕ್ಯಾಸೆಟ್ ಗುರುತು ಸಿಕ್ಕರೆ ಸಾಕು.