ಮಯಾಮಿಯ ಲಿಟ್ಲ್ ಹವಾನಾಗೆ (ಕ್ಯೂಬನ್ನರ ಬಡಾವಣೆ) ಅಮ್ಮನ ಜೊತೆ ಹೋಗಬಹುದಾ? ಹೋಗಿ ಬಂದವರು ಹೇಳಿ

ಮುಂದಿನ ತಿಂಗಳು ಮಯಾಮಿಗೆ ಹೋಗ್ತಿದ್ದೇವೆ, ಐದು ಜನ. ಅಮ್ಮ ಅಪ್ಪಟ ಸಸ್ಯಾಹಾರಿ. ತಮ್ಮನಿಗೆ ರಮ್ ಕಾಕ್‌ಟೇಲ್ ರುಚಿ ನೋಡುವ ಆಸೆ. ಕ್ಯೂಬನ್ ಊಟ, ಹಾಡು, ಕುಣಿತ ಒಂದೇ ಸಂಜೆಯಲ್ಲಿ ಆಗುತ್ತಾ? ಅಮ್ಮನಿಗೆ ಕಷ್ಟ ಆಗಲ್ವಾ?

ಅತ್ತೆ-ಮಾವನ ಜೊತೆ ಹೋಗಿದ್ದವಳು:
ಧಾರಾಳವಾಗಿ ಕರ್ಕೊಂಡು ಹೋಗಿ. ಊಟದ ವಿಷಯದಲ್ಲಿ ಮಾತ್ರ ಜೋಪಾನ. ನಾವು ಮೊದಲು ಹೋದ ಹೋಟೆಲಲ್ಲಿ ಅನ್ನ, ಕಪ್ಪು ಬೀನ್ಸ್ ಹೇಳಿದೆವು. "ಮಾಂಸ ಇಲ್ಲ ತಾನೆ?" ಎಂದು ಕೇಳಿದ್ದೆ, ಇಲ್ಲ ಅಂದಿದ್ದರು. ಎರಡು ತುತ್ತು ತಿಂದ ಮೇಲೆ ಅತ್ತೆಗೆ ಹ್ಯಾಮ್ ಚೂರು ಸಿಕ್ಕಿತು. ಒಂದು ಮಾತೂ ಆಡದೆ ತಟ್ಟೆ ಸರಿಸಿ ನೀರು ಕುಡಿದರು. ನನಗೆ ಅಳುವೇ ಬಂತು.

ಅಲ್ಲಿ ಮಾಂಸ ಅಂದರೆ ಎಷ್ಟೋ ಸಲ ದನದ್ದು ಅಂತಲೇ ಅರ್ಥ. ಅದಕ್ಕೇ ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಕೇಳಿ: "ಸಿನ್ ಹಮೋನ್, ಸಿನ್ ಮಾಂತೆಕಾ." ಹ್ಯಾಮ್ ಬೇಡ, ಹಂದಿ ಕೊಬ್ಬು ಬೇಡ ಅಂತ. ಕ್ಯೂಬನ್ ಬ್ರೆಡ್ಡಿಗೂ ಆ ಕೊಬ್ಬು ಹಾಕುವುದುಂಟು. ಅಮ್ಮನಿಗೆ ತೋಸ್ತೋನೆಸ್ ಹೇಳಿ. ಬಾಳೆಕಾಯಿ ಕರಿದು, ಚಪ್ಪಟೆಯಾಗಿ ಒತ್ತಿ, ಮತ್ತೆ ಕರಿಯುತ್ತಾರೆ. ಬೇಯಿಸಿದ ಮರಗೆಣಸಿನ ಮೇಲೆ ಬೆಳ್ಳುಳ್ಳಿ, ಹುಳಿ ಕಿತ್ತಳೆ ರಸದ ಮೋಹೋ ಸಾಸ್ ಸುರಿದು ಕೊಡುವುದೂ ಇದೆ. ಮುಂದಿನ ಹೋಟೆಲಲ್ಲಿ ಅತ್ತೆ ಅದನ್ನು ಎರಡು ಸಲ ಹಾಕಿಸಿಕೊಂಡರು. ಕರಿಯುವ ಎಣ್ಣೆ ಬೇರೆಯಾ ಅಂತಲೂ ಕೇಳಿಬಿಡಿ.

ಫ್ಲಾರಿಡಾದಲ್ಲೇ ಇರುವವನು:
ಹಾಡು, ಕುಣಿತಕ್ಕೆ ಲಿಟ್ಲ್ ಹವಾನಾದ ಕಾಯೆ ಓಚೋ ಬೀದಿಯ ಬಾಲ್ ಅಂಡ್ ಚೈನ್ ಬಾರ್. 1935ರಲ್ಲಿ ಶುರುವಾದ ಜಾಗ, ಮುಚ್ಚಿ ಎಷ್ಟೋ ವರ್ಷದ ಮೇಲೆ 2014ರಲ್ಲಿ ಮತ್ತೆ ತೆರೆಯಿತು. ಹಿಂದಿನ ಅಂಗಳದಲ್ಲಿ ಅನಾನಸ್ ಆಕಾರದ ವೇದಿಕೆ ಇದೆ. ಹೊತ್ತಾದಂತೆ ಗದ್ದಲ ಜಾಸ್ತಿ, ಅಮ್ಮ ಇದ್ದರೆ ಸಂಜೆ ಬೇಗ ಹೋಗಿ. ತಮ್ಮನಿಗೆ 21 ತುಂಬಿರಬೇಕು, ಪಾಸ್‌ಪೋರ್ಟ್ ಮರೀಬೇಡಿ. ಬಿಲ್ ಬಂದಾಗ ಸರ್ವೀಸ್ ಚಾರ್ಜ್ ಆಗಲೇ ಸೇರಿದೆಯಾ ನೋಡಿ. ಗೊತ್ತಿಲ್ಲದೆ ಎರಡು ಸಲ ಟಿಪ್ಸ್ ಕೊಡುವವರು ತುಂಬಾ ಜನ.

ರಮ್ ಇಷ್ಟಪಡುವವನು:
ತಮ್ಮನಿಗೆ ಮೊಹಿತೋಗಿಂತ ಮೊದಲು ಡೈಕಿರಿ ಹೇಳಿ, ಐಸ್ ಅರೆದು ಮಾಡಿದ್ದಲ್ಲ, ಕುಲುಕಿ ಸೋಸಿದ್ದು. ಬಿಳಿ ರಮ್, ನಿಂಬೆರಸ, ಸಕ್ಕರೆ, ಅಷ್ಟೇ. ರಮ್ ಚೆನ್ನಾಗಿಲ್ಲದಿದ್ದರೆ ಮುಚ್ಚಿಡಲು ಪುದೀನಾ, ಸೋಡಾ ಏನೂ ಇರಲ್ಲ. ನಮ್ಮ ಓಲ್ಡ್ ಮಾಂಕ್‌ನ ಘಮ ಹುಡುಕಬೇಡಿ, ಇದು ಬೇರೆಯೇ ಹಗುರ. ಇನ್ನೊಂದು ವಿಷಯ. ಅಲ್ಲಿ ಸಿಗುವ ಹವಾನಾ ಕ್ಲಬ್ ರಮ್ ಕ್ಯೂಬಾದ್ದಲ್ಲ. ಕ್ಯೂಬಾ ಮೇಲೆ ಅಮೆರಿಕದ ವ್ಯಾಪಾರ ನಿರ್ಬಂಧ ಇರುವುದರಿಂದ ಕ್ಯೂಬಾದ್ದನ್ನು ಅಲ್ಲಿ ಮಾರುವಂತಿಲ್ಲ. ಅದೇ ಹೆಸರಲ್ಲಿ ಬಕಾರ್ಡಿ ರಮ್ ಕಂಪನಿಯವರು ಪೋರ್ಟೊ ರಿಕೊದಲ್ಲಿ ಮಾಡಿದ್ದು ಸಿಗುತ್ತದೆ. ಆ ಬಕಾರ್ಡಿಯೂ 1862ರಲ್ಲಿ ಕ್ಯೂಬಾದ ಸಾಂತಿಯಾಗೋದಲ್ಲೇ ಹುಟ್ಟಿದ್ದು. 1960ರಲ್ಲಿ ಕ್ಯೂಬಾ ಸರ್ಕಾರ ಅದನ್ನು ವಶಪಡಿಸಿಕೊಂಡ ಮೇಲೆ ಬಕಾರ್ಡಿ ಮನೆಯವರು ದೇಶ ಬಿಟ್ಟರು.

ಅತ್ತೆ-ಮಾವನ ಜೊತೆ ಹೋಗಿದ್ದವಳು:
ಕಾಫಿ ಹೇಳೋದೇ ಮರೆತೆ! ವರ್ಸೇಲ್ಸ್ ಹೋಟೆಲಿನ ಕಿಟಕಿ ಹತ್ತಿರ ನಿಂತು "ಕೊಲಾಡಾ" ಕೇಳಿ. ಒಂದು ಲೋಟ ಸ್ಟ್ರಾಂಗ್ ಸಿಹಿ ಕಾಫಿ, ಜೊತೆಗೆ ಪುಟ್ಟ ಪುಟ್ಟ ಕಪ್ಪುಗಳು. ಹಂಚಿಕೊಂಡು ಕುಡಿಯುವುದು, ಥೇಟ್ ನಮ್ಮ ಬೈಟು. ಮಾವ ಅಲ್ಲೇ ನಿಂತು ಎಲ್ಲರ ಕಪ್ಪಿಗೂ ತಾವೇ ಬಗ್ಗಿಸಿಕೊಟ್ಟರು. ನೀವು ಐದು ಜನಕ್ಕೆ ಒಂದೇ ಸಾಕು.