ಸಹಾಯ ಬೇಕು: ಕೊಂಡಜ್ಜಿ ಸ್ಕೌಟ್ ಶಿಬಿರಕ್ಕೆ ಮಗನ ತಯಾರಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಮುಂದಿನ ವಾರ ಹರಿಹರದ ಹತ್ತಿರದ ಕೊಂಡಜ್ಜಿಗೆ ಸ್ಕೌಟ್ ಬೇಸಿಗೆ ಶಿಬಿರಕ್ಕೆ ಹೊರಟಿದ್ದಾನೆ. 5 ದಿನ. ಒಂದು ರಾತ್ರಿಯೂ ನಮ್ಮನ್ನು ಬಿಟ್ಟು ಇದ್ದವನಲ್ಲ.

ಯೂನಿಫಾರ್ಮ್, ಸ್ಕಾರ್ಫ್, ತಟ್ಟೆ, ಲೋಟ, ಟಾರ್ಚ್, ಜಮಖಾನ ಎಲ್ಲಾ ಜೋಡಿಸಿದ್ದೇನೆ. ಅಲ್ಲಿ ಅವನ ಬಟ್ಟೆ ಅವನೇ ಒಗೆಯಬೇಕು ಅಲ್ವಾ, ಅದನ್ನೂ ಕಲಿಸಿದೆ. ಕಷ್ಟ ಆಗಿರುವುದು ಗಂಟು ಹಾಕುವುದು. ರೀಫ್ ಗಂಟು ಬರುತ್ತದೆ: ಬಲ ಎಡದ ಮೇಲೆ, ಎಡ ಬಲದ ಮೇಲೆ. ಕ್ಲೋವ್ ಹಿಚ್ (ಕಂಬಕ್ಕೆ ಹಗ್ಗ ಸುತ್ತಿ ಹಾಕುವ ಗಂಟು) ಮಾತ್ರ ಎರಡನೇ ಸುತ್ತಿನಲ್ಲಿ ಬಿಚ್ಚಿಕೊಳ್ಳುತ್ತದೆ. ನಿನ್ನೆ ಮಂಚದ ಕಾಲಿಗೆ ಕಟ್ಟುತ್ತಾ ಕಟ್ಟುತ್ತಾ, ಹಗ್ಗ ಕೈಯಲ್ಲಿ ಹಿಡಿದೇ ನಿದ್ದೆ ಹೋದ.

ದಾವಣಗೆರೆಯಲ್ಲಿ ಸ್ಕೌಟ್ ಮಾಸ್ಟರ್ ಯಾರಾದರೂ ಇದ್ದರೆ ಒಂದು ಗಂಟೆ ಹೇಳಿಕೊಡುತ್ತೀರಾ? ನಾನೇ ಕರೆದುಕೊಂಡು ಬರುತ್ತೇನೆ. ಕೊಂಡಜ್ಜಿಗೆ ಹೋಗಿ ಬಂದವರೇ, ಕೆರೆ ಕಡೆಯಿಂದ ಸೊಳ್ಳೆ ಜಾಸ್ತಿನಾ? ಪರದೆ ಕಳಿಸಲಾ?